ಕಂಪ್ಯೂಟರಿಗೆ ಹಾಕಿದ ಹಣ ದೇಶಕ್ಕೆ ಯಾವಾಗ ಫಲ ಕೊಡುತ್ತದೆ?



ನಿಮ್ಮ ಊರಿನ ಸೇವಾ ಸಹಕಾರ ಸಂಘಕ್ಕೆ ಈಗಾಗಲೇ ಕಂಪ್ಯೂಟರು ಬಂದಿರಬಹುದು, ಇಲ್ಲವಾದರೆ ಬರುವುದರಲ್ಲಿರಬಹುದು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಕಂಪ್ಯೂಟರು ಒದಗಿಸುವ ಯೋಜನೆಗೆ ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ಆಗ ಗೊತ್ತುಮಾಡಿದ ಮೊತ್ತ 2,516 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಸಂಘವೊಂದಕ್ಕೆ ಸುಮಾರು 4 ಲಕ್ಷ ರೂಪಾಯಿ ಬೀಳುತ್ತದೆ. ಇದು ನಾವು ನೀವು ತೆತ್ತ ತೆರಿಗೆಯ ಹಣವೇ ಸರಿ. ಇದೇ ಹಣದಲ್ಲಿ ಸೋರುವ ಗೋದಾಮಿನ ಮಾಡನ್ನು ಸರಿಪಡಿಸಬಹುದಿತ್ತು, ಇಲ್ಲವೆ ಕೆರೆಯ ತೂಬನ್ನು ದುರಸ್ತಿ ಮಾಡಿಸಬಹುದಿತ್ತು. ಹೀಗಿರುವಲ್ಲಿ, ಕಂಪ್ಯೂಟರು, ಫೋನು, ಅವುಗಳನ್ನು ಜೋಡಿಸುವ ತಂತಿ ಇವುಗಳಿಗೆಲ್ಲ ಹಾಕಿದ ಹಣದಿಂದ ದೇಶದ ದುಡಿಮೆ ನಿಜವಾಗಿ ಹೆಚ್ಚುತ್ತದೆಯೆ ಎಂದು ಕೇಳುವುದು ರೈತನಿಗೆ ಸಲ್ಲುವ ಪ್ರಶ್ನೆಯೇ ಆಗಿದೆ. ಇದೇ ಪ್ರಶ್ನೆಯ ಮೇಲೆ ಅಮೆರಿಕದ ಅರ್ಥಶಾಸ್ತ್ರಜ್ಞರು ಎಷ್ಟೋ ವರ್ಷ ವಾದ ಮಾಡಿದ್ದಾರೆ. ಅವರು ಕಂಡುಕೊಂಡದ್ದೇನು, ಅದು ನಮ್ಮ ಊರಿಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಈಗ ನೋಡೋಣ.

ಉತ್ಪಾದಕತೆ ಎಂದರೇನು?

ಒಬ್ಬ ಆಳು ಒಂದು ದಿನದಲ್ಲಿ ಎಷ್ಟು ಕೆಲಸ ಮುಗಿಸುತ್ತಾನೆ, ಎಷ್ಟು ಬೆಲೆಯ ಪದಾರ್ಥ ತೆಗೆಯುತ್ತಾನೆ ಎಂಬ ಲೆಕ್ಕಕ್ಕೆ ಉತ್ಪಾದಕತೆ ಎನ್ನುತ್ತಾರೆ. ರಾಗಿ ಹೊಲದಲ್ಲಿ ಕುಳಿತು ಕುಡುಗೋಲಿನಿಂದ ಕಳೆ ತೆಗೆಯುವುದಾದರೆ ಎಕರೆಗೆ ಎಷ್ಟು ಆಳು ಬೇಕೆಂಬುದು ನಿಮಗೆ ಗೊತ್ತು. ಅದೇ ಹೊಲದಲ್ಲಿ ಒಂದು ಜೊತೆ ಎತ್ತು ಕಟ್ಟಿ ಎಡೆಕುಂಟೆ ಹೊಡೆದರೆ ಒಬ್ಬನೇ ಬಹುಪಾಲು ಕೆಲಸ ಮುಗಿಸುತ್ತಾನೆ. ಆಳಿನ ಮೈಯಲ್ಲಿ ಬಲ ಹೆಚ್ಚಲಿಲ್ಲ. ಆದರೂ ಒಂದು ದಿನದ ದುಡಿಮೆಯ ಫಲ ಹೆಚ್ಚಿತು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ರಾಗಿಯನ್ನು ಕೈಯಿಂದ ಎರಚಿ ಬಿತ್ತಿದ ಹೊಲಕ್ಕೆ ಎಡೆಕುಂಟೆಯನ್ನು ಇಳಿಸಿದರೆ ಏನಾಗುತ್ತದೆ? ಕಳೆಯ ಜೊತೆಗೆ ಪೈರೂ ಕಿತ್ತುಬರುತ್ತದೆ. ಮೊದಲು ಕೂರಿಗೆಯಿಂದ ಸಾಲು ಹಿಡಿದು ಬಿತ್ತಿರಬೇಕು. ಆಗ ಮಾತ್ರ ಎಡೆಕುಂಟೆಗೆ ಕೆಲಸ. ಎಂದರೆ ಉಪಕರಣ ಕೊಂಡರೆ ಸಾಲದು, ಬಿತ್ತನೆಯ ಕ್ರಮವನ್ನೇ ಬದಲಾಯಿಸಬೇಕು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪಾಠದ ಅರ್ಧ ತಿಳಿದಂತೆಯೇ.

ದೇಶದ ಉತ್ಪಾದಕತೆ ಎಂಬುದು ದುಡಿಯುವವರೆಲ್ಲರ ಸರಾಸರಿ. ಶೇಕಡ 1.5ರಂತೆ ಅದು ವರ್ಷ ವರ್ಷ ಬೆಳೆದರೆ ಇಮ್ಮಡಿಯಾಗಲು ಸುಮಾರು 47 ವರ್ಷ ಬೇಕು. ಶೇಕಡ 3ರಂತೆ ಬೆಳೆದರೆ 24 ವರ್ಷ ಸಾಕು. ಕೇಳುವುದಕ್ಕೆ ಸಣ್ಣ ಅಂತರ. ಆದರೆ ಮಗನ ಕಾಲಕ್ಕೆ ಬರುವ ಅನುಕೂಲವು ಮೊಮ್ಮಗನ ಕಾಲಕ್ಕೆ ಹೋಗಿಬಿಡುತ್ತದೆ.

ನಮ್ಮ ದೇಶದಲ್ಲಿ ದುಡಿಯುವ 100 ಜನರಲ್ಲಿ ಸುಮಾರು 46 ಜನ ಬೇಸಾಯವನ್ನೂ ಅದಕ್ಕೆ ಸೇರಿದ ಕಸುಬುಗಳನ್ನೂ ನಂಬಿದ್ದಾರೆ. ದೇಶದ ವರಮಾನದ 100 ರೂಪಾಯಿಯಲ್ಲಿ ಅವರ ಪಾಲಿನದು ಸುಮಾರು 18 ರೂಪಾಯಿ ಮಾತ್ರ. ಬೆಂಗಳೂರು ಮೊದಲಾದ ಊರುಗಳಲ್ಲಿ ಕಂಪ್ಯೂಟರಿನ ಕೆಲಸವನ್ನೇ ಕಸುಬಾಗಿ ಮಾಡುವವರು 100ರಲ್ಲಿ ಸುಮಾರು ಒಬ್ಬರು. ಅವರ ಪಾಲು ಸುಮಾರು 7 ರೂಪಾಯಿ. ಆ ಒಬ್ಬರ ಕಸುಬು ಎಷ್ಟೇ ಬೆಳೆದರೂ ದೇಶದ ಸರಾಸರಿಯನ್ನು ಅದೊಂದೇ ಹೆಚ್ಚು ಮೇಲಕ್ಕೆ ಎತ್ತಲಾರದು. ಉಳಿದ ಕಸುಬುಗಳವರು, ಅದರಲ್ಲಿಯೂ ಆ 46 ಜನ, ಈ ಯಂತ್ರಗಳನ್ನು ಬಳಸಿ ತಮ್ಮ ಕೆಲಸವನ್ನು ಹಗುರ ಮಾಡಿಕೊಂಡಾಗಲೇ ದೊಡ್ಡ ಲಾಭ. ಆದಕಾರಣ ಈ ವಿಷಯವನ್ನು ಪಟ್ಟಣದವರಿಗೆ ಬಿಟ್ಟು ಸುಮ್ಮನಿರುವಂತಿಲ್ಲ.

ಅಮೆರಿಕದ ಒಗಟು

ಅಮೆರಿಕದಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ 1973ರವರೆಗೆ ದುಡಿಮೆಯ ಉತ್ಪಾದಕತೆ ವರ್ಷಕ್ಕೆ ಸುಮಾರು ಶೇಕಡ 2.8ರಂತೆ ಬೆಳೆಯಿತು. ಅಲ್ಲಿಂದ 1995ರವರೆಗೆ ಅದು ಸುಮಾರು ಶೇಕಡ 1.5ಕ್ಕೆ ಇಳಿಯಿತು. ವಿಚಿತ್ರವೆಂದರೆ, ಕಚೇರಿಗಳಿಗೂ ಬ್ಯಾಂಕುಗಳಿಗೂ ಕಾರ್ಖಾನೆಗಳಿಗೂ ಕಂಪ್ಯೂಟರುಗಳು ಗಾಡಿಗಟ್ಟಲೆ ಬಂದದ್ದು ಇದೇ ಕಾಲದಲ್ಲಿ. ಕಂಪ್ಯೂಟರು ಎಲ್ಲಿ ನೋಡಿದರೂ ಕಾಣುತ್ತದೆ, ಉತ್ಪಾದಕತೆಯ ಅಂಕಿಗಳಲ್ಲಿ ಮಾತ್ರ ಕಾಣುವುದಿಲ್ಲ ಎಂಬ ಅರ್ಥದ ಮಾತನ್ನು ರಾಬರ್ಟ್ ಸೋಲೋ ಎಂಬ ಅರ್ಥಶಾಸ್ತ್ರಜ್ಞರು 1987ರಲ್ಲಿ ಬರೆದರು. ಅದೇ ವರ್ಷ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಅವರ ಮಾತು ಒಂದು ಒಗಟಿನಂತೆ ಎಲ್ಲರ ಬಾಯಲ್ಲಿಯೂ ಉಳಿಯಿತು. ಹಣ ಸುರಿದದ್ದು ನಿಜ, ಯಂತ್ರ ಬಂದದ್ದು ನಿಜ, ಫಸಲು ಎಲ್ಲಿ?

ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಪಾಲ್ ಡೇವಿಡ್ ಎಂಬ ಆರ್ಥಿಕ ಇತಿಹಾಸಕಾರರು. 1990ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ಅವರು ಕಂಪ್ಯೂಟರನ್ನು ಬಿಟ್ಟು ನೂರು ವರ್ಷ ಹಿಂದಕ್ಕೆ ಹೋಗಿ, ವಿದ್ಯುಚ್ಛಕ್ತಿಯ ಕಥೆಯನ್ನು ಹೇಳಿದರು. ಈ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನ್ಯೂಯಾರ್ಕ್ ನಗರದಲ್ಲಿ ಎಡಿಸನ್ನರ ವಿದ್ಯುತ್ ಕೇಂದ್ರ ಕೆಲಸ ಆರಂಭಿಸಿದ್ದು 1882ರಲ್ಲಿ. ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ನಾವೂ ಬಹಳ ಹಿಂದೆ ಬಿದ್ದವರಲ್ಲ. ಆದರೆ 1900ರ ಸುಮಾರಿಗೆ ಅಮೆರಿಕದ ಕಾರ್ಖಾನೆಗಳ ಯಂತ್ರಗಳನ್ನು ನಡೆಸುವ ಶಕ್ತಿಯಲ್ಲಿ ವಿದ್ಯುತ್ ಮೋಟಾರಿನ ಪಾಲು ಶೇಕಡ 5ರಷ್ಟೂ ಇರಲಿಲ್ಲವೆಂದು ಲೆಕ್ಕ ಹಾಕಿದ್ದಾರೆ. ಅದು ಅರ್ಧಕ್ಕೆ ಬಂದದ್ದು 1920ರ ಸುಮಾರಿಗೆ. ಕಾರ್ಖಾನೆಗಳ ಉತ್ಪಾದಕತೆ ಥಟ್ಟನೆ ಮೇಲೇರಿದ್ದು ಆ ಬಳಿಕ. ಎಂದರೆ ದೀಪ ಹತ್ತಿದ ಮೇಲೆ ಬೆಳೆ ಕೈಗೆ ಬರಲು ನಾಲ್ಕು ದಶಕ ಹಿಡಿಯಿತು.

ಇಷ್ಟು ತಡವೇಕೆ? ಹಿಂದಿನ ಕಾಲದ ಹಿಟ್ಟಿನ ಗಿರಣಿಯನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಒಂದು ದೊಡ್ಡ ಇಂಜಿನು. ಅದರಿಂದ ತಿರುಗುವ ಉದ್ದನೆಯ ಕಬ್ಬಿಣದ ದಂಡ. ದಂಡದಿಂದ ಒಂದೊಂದು ಯಂತ್ರಕ್ಕೂ ಒಂದೊಂದು ಬೆಲ್ಟು. ಹಳೆಯ ಉಗಿ ಕಾರ್ಖಾನೆಗಳೆಲ್ಲವೂ ಹೀಗೆಯೇ ಇದ್ದವು. ಇಂಜಿನ್ ನಡೆದರೆ ಎಲ್ಲವೂ ತಿರುಗಬೇಕು, ನಿಂತರೆ ಎಲ್ಲವೂ ನಿಲ್ಲಬೇಕು. ಹೆಚ್ಚು ಶಕ್ತಿ ಬೇಕಾದ ಯಂತ್ರವನ್ನು ಇಂಜಿನ್ನಿನ ಹತ್ತಿರ ಇಡಬೇಕು, ಕಡಿಮೆ ಬೇಕಾದುದನ್ನು ದೂರ ಇಡಬೇಕು. ದಂಡವನ್ನು ಬಹಳ ಉದ್ದ ಎಳೆಯಲಾಗದೆಂದು ಮಹಡಿಯ ಮೇಲೆ ಮಹಡಿ ಕಟ್ಟುತ್ತಿದ್ದರು. ಸರಕು ಮೂರನೆಯ ಮಹಡಿಯಿಂದ ಕೆಳಕ್ಕೆ, ಮತ್ತೆ ಎರಡನೆಯದಕ್ಕೆ ಎಂದು ಸುತ್ತುತ್ತಿತ್ತು.

ವಿದ್ಯುತ್ತು ಬಂದಾಗ ಕಾರ್ಖಾನೆಯವರು ಏನು ಮಾಡಿದರು? ಉಗಿ ಇಂಜಿನನ್ನು ಕಿತ್ತು, ಅದೇ ಜಾಗದಲ್ಲಿ ಒಂದು ದೊಡ್ಡ ಮೋಟಾರನ್ನು ಕೂರಿಸಿದರು. ದಂಡ ಹಾಗೆಯೇ, ಬೆಲ್ಟು ಹಾಗೆಯೇ, ಮಹಡಿಯೂ ಹಾಗೆಯೇ. ಎರಚಿ ಬಿತ್ತಿದ ಹೊಲಕ್ಕೆ ಎಡೆಕುಂಟೆ ತಂದಂತಾಯಿತು! ಸೌದೆ ಕಲ್ಲಿದ್ದಲಿನ ಖರ್ಚಿನಲ್ಲಿ ಅಷ್ಟಿಷ್ಟು ಉಳಿದಿರಬಹುದು; ಹೆಚ್ಚಿನ ಫಲ ಬರಲಿಲ್ಲ. ಅವರನ್ನು ದಡ್ಡರೆನ್ನುವಂತೆಯೂ ಇಲ್ಲ. ಕಟ್ಟಡಕ್ಕೂ ಯಂತ್ರಕ್ಕೂ ಹಣ ಹಾಕಿಯಾಗಿತ್ತು. ಗಟ್ಟಿಯಾಗಿದ್ದುದನ್ನು ಯಾರು ಕೆಡವುತ್ತಾರೆ?

ಕ್ರಮೇಣ ಹೊಸ ತಲೆಮಾರಿನ ಎಂಜಿನಿಯರುಗಳು ಬಂದರು. ಒಂದೊಂದು ಯಂತ್ರಕ್ಕೂ ಅದರದೇ ಸಣ್ಣ ಮೋಟಾರನ್ನು ಜೋಡಿಸಿದರು. ಈಗ ಯಂತ್ರವನ್ನು ಎಲ್ಲಿ ಬೇಕಾದರೂ ಇಡಬಹುದು. ಒಂದೇ ಅಂತಸ್ತಿನ ಉದ್ದನೆಯ ಕಟ್ಟಡ ಕಟ್ಟಿ, ಕೆಲಸ ಯಾವ ವರಸೆಯಲ್ಲಿ ಸಾಗುತ್ತದೆಯೋ ಅದೇ ವರಸೆಯಲ್ಲಿ ಯಂತ್ರಗಳನ್ನು ಇಟ್ಟರು. ಬೇಡವಾದ ಯಂತ್ರವನ್ನು ನಿಲ್ಲಿಸಿ, ಬೇಕಾದುದನ್ನು ಮಾತ್ರ ನಡೆಸಿದರು. ಕೆಲಸಗಾರನಿಗೂ ಹೊಸ ರೀತಿಯ ಶಿಕ್ಷಣ ಬೇಕಾಯಿತು. ಇಷ್ಟೆಲ್ಲ ಆದ ಮೇಲೆಯೇ ವಿದ್ಯುತ್ತು ತನ್ನ ಪೂರ್ಣ ಫಲವನ್ನು ಕೊಟ್ಟದ್ದು.

ಕಂಪ್ಯೂಟರಿನ ವಿಷಯದಲ್ಲಿಯೂ ಹೀಗೆಯೇ ಆಗಬಹುದೆಂದು ಡೇವಿಡ್ಡರು ಸೂಚಿಸಿದರು. ಐದೇ ವರ್ಷಕ್ಕೆ ಅದು ಕಂಡುಬಂದಿತು. 1995ರಿಂದ ಸುಮಾರು ಹತ್ತು ವರ್ಷ ಅಮೆರಿಕದ ಉತ್ಪಾದಕತೆ ಮತ್ತೆ ವರ್ಷಕ್ಕೆ ಶೇಕಡ 3ರ ಹತ್ತಿರಕ್ಕೆ ಏರಿತು. ಹೆಚ್ಚಿದ ಪಾಲೆಲ್ಲ ಎಲ್ಲಿಂದ ಬಂತೆಂದು ಮೆಕಿನ್ಸೆ ಎಂಬ ಸಂಸ್ಥೆಯವರು 2001ರಲ್ಲಿ ಹುಡುಕಿ ನೋಡಿದರು. ಆರೇ ಕಸುಬುಗಳಲ್ಲಿ ಅದರ ಬಹುಪಾಲು ಸಿಕ್ಕಿತು. ಕಂಪ್ಯೂಟರು ಮತ್ತು ಅದರ ಬಿಡಿಭಾಗಗಳನ್ನು ಮಾಡುವವರು ಅದರಲ್ಲಿ ಇದ್ದದ್ದು ಆಶ್ಚರ್ಯವಲ್ಲ. ಆದರೆ ಸಗಟು ವ್ಯಾಪಾರವೂ ಚಿಲ್ಲರೆ ಅಂಗಡಿಗಳೂ ಅದರಲ್ಲಿದ್ದವು! ಸೋಪು, ಅಕ್ಕಿ, ಬಟ್ಟೆ ಮಾರುವ ಅಂಗಡಿಯವರು ದೇಶದ ಉತ್ಪಾದಕತೆಯನ್ನು ಎತ್ತಿದ್ದು ಹೇಗೆ? ಪೊಟ್ಟಣದ ಮೇಲೆ ಕಪ್ಪು ಗೀರುಗಳನ್ನು ಅಚ್ಚುಹಾಕಿ ಯಂತ್ರದಿಂದ ಓದಿಸುವ ಪದ್ಧತಿ ಅಮೆರಿಕದ ಒಹಾಯೊ ಸಂಸ್ಥಾನದ ಒಂದು ಅಂಗಡಿಯಲ್ಲಿ 1974ರ ಜೂನ್‌ನಲ್ಲಿ ಮೊದಲಾಯಿತು. ಮೊದಲು ಓದಿಸಿದ್ದು ಒಂದು ಚ್ಯೂಯಿಂಗ್ ಗಮ್ ಪೊಟ್ಟಣ. ಮೊದಮೊದಲು ಅದರಿಂದ ಬಿಲ್ಲು ಬೇಗ ಆಗುತ್ತಿತ್ತು, ಅಷ್ಟೆ. ಯಾವ ಸರಕು ಎಷ್ಟು ಖರ್ಚಾಯಿತೆಂಬುದನ್ನು ಅದೇ ಗೀರಿನಿಂದ ತಿಳಿದು, ಗೋದಾಮನ್ನೂ ಲಾರಿಯನ್ನೂ ಕಾರ್ಖಾನೆಗೆ ಕಳಿಸುವ ಬೇಡಿಕೆಯನ್ನೂ ಅದಕ್ಕೆ ಹೊಂದಿಸಿಕೊಂಡವರು ಮುಂದೆ ಬಂದರು. ಈ ವಿಷಯದಲ್ಲಿ ವಾಲ್‌ಮಾರ್ಟ್ ಅಂಗಡಿಗಳು ದಾರಿ ತೋರಿಸಿದವು; ಉಳಿದವರು ಬೇರೆ ದಾರಿಯಿಲ್ಲದೆ ಹಿಂಬಾಲಿಸಿದರು. ಅದೇ ಕಾಲದಲ್ಲಿ ಹೋಟೆಲುಗಳೂ ಜನಸಾಮಾನ್ಯರ ಬ್ಯಾಂಕುಗಳೂ ಕಂಪ್ಯೂಟರಿಗೆ ಧಾರಾಳವಾಗಿ ಹಣ ಸುರಿದಿದ್ದರೂ ಅವುಗಳ ಉತ್ಪಾದಕತೆ ಹಾಗೆ ಜಿಗಿಯಲಿಲ್ಲವೆಂದು ಅದೇ ವರದಿ ಹೇಳುತ್ತದೆ.

2005ರ ಸುಮಾರಿನಿಂದ ಆ ವೇಗ ಮತ್ತೆ ಶೇಕಡ 1.5ರ ಆಸುಪಾಸಿಗೆ ಇಳಿಯಿತು. ಏಕೆಂಬುದರ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ನಮಗೆ ತೋರುವ ಒಂದು ಕಾರಣ ಹೀಗಿದೆ: ಎಡೆಕುಂಟೆ ಬಂದ ವರ್ಷ ಕೂಲಿ ಇಳಿಯುತ್ತದೆ, ಮರುವರ್ಷವೂ ಅಷ್ಟೇ ಇಳಿದ ಕೂಲಿಯಲ್ಲಿ ಕೆಲಸ ನಡೆಯುತ್ತದೆ, ಆದರೆ ಮತ್ತಷ್ಟು ಇಳಿಯಬೇಕಾದರೆ ಇನ್ನೊಂದು ಸುಧಾರಣೆ ಬೇಕು. ಲಾಭ ಉಳಿಯುವುದು ಬೇರೆ, ವರ್ಷ ವರ್ಷ ಬೆಳೆಯುತ್ತ ಹೋಗುವುದು ಬೇರೆ.

ನಮ್ಮಲ್ಲಿ ಕಂಡದ್ದು

ಈಗ ನಮ್ಮ ಕಡೆಗೆ ಬರೋಣ. ನಿಮಗೆಲ್ಲ ಪರಿಚಯವಾದ ಪಹಣಿಯನ್ನೇ ತೆಗೆದುಕೊಳ್ಳಿ. ಹಿಂದೆ ಇದು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಪುಸ್ತಕಗಳಲ್ಲಿ ಇರುತ್ತಿತ್ತು. ಒಬ್ಬೊಬ್ಬ ಲೆಕ್ಕಿಗರಿಗೆ ಹಲವು ಹಳ್ಳಿ. ಅವರು ಇಂದು ಯಾವ ಊರಿನಲ್ಲಿದ್ದಾರೆಂದು ಹುಡುಕುವುದೇ ಒಂದು ಕೆಲಸ. ‘ಭೂಮಿ’ ಎಂಬ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದರು. 2001ರಿಂದೀಚೆಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುವ ಏರ್ಪಾಡು ರಾಜ್ಯದಲ್ಲೆಲ್ಲ ಹರಡಿತು.

ಇದರಲ್ಲಿ ಗಮನಿಸಬೇಕಾದದ್ದು ಯಂತ್ರವನ್ನಲ್ಲ. ಕಂಪ್ಯೂಟರಿನ ಪಹಣಿ ಆರಂಭವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸರ್ಕಾರ ಸಾರಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ವರಸೆಯಲ್ಲಿಯೇ ತೆಗೆದುಕೊಳ್ಳಬೇಕು, ಹಿಂದಿನದನ್ನು ಬಿಟ್ಟು ಮುಂದಿನದಕ್ಕೆ ಹಾರುವಂತಿಲ್ಲ ಎಂದು ಕಟ್ಟುಮಾಡಿತು. ಯಾವ ನೌಕರರು ಯಾವ ದಾಖಲೆಯನ್ನು ಮುಟ್ಟಿದರೆಂಬುದು ಬೆರಳಿನ ಗುರುತಿನಿಂದ ತಿಳಿಯುವಂತೆ ಮಾಡಿತು. ಹಳೆಯ ಕೈಪುಸ್ತಕವನ್ನೂ ನಡೆಯಗೊಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸಿರಿ. ಎರಡು ಪುಸ್ತಕ, ಎರಡು ಲೆಕ್ಕ; ನಮಗೆ ಮೊದಲಿನ ಅಲೆದಾಟ, ಸರ್ಕಾರಕ್ಕೆ ಕಂಪ್ಯೂಟರಿನ ಖರ್ಚು.

ಹಾಗೆಂದು ಎಲ್ಲವೂ ನೇರವಾಯಿತೆಂದು ಹೇಳಿದರೆ ನೀವು ನಗುವಿರಿ. ಹಳೆಯ ಪುಸ್ತಕದಲ್ಲಿ ತಪ್ಪಿದ್ದ ಹೆಸರು ಕಂಪ್ಯೂಟರಿನಲ್ಲಿಯೂ ತಪ್ಪಾಗಿಯೇ ಅಚ್ಚಾಗುತ್ತದೆ. ಪೋಡಿಯಾಗದ ಜಮೀನಿಗೆ ಅಳತೆಯವರು ಬಂದು ಅಳೆಯಲೇಬೇಕು. ಅದನ್ನು ಯಾವ ಯಂತ್ರವೂ ಕಚೇರಿಯಲ್ಲಿ ಕುಳಿತು ಮಾಡಲಾರದು.

ಇನ್ನೊಂದು ಮಾತು. ಪಹಣಿಗಾಗಿ ಎರಡು ದಿನ ಅಲೆಯುವ ಬದಲು ಅರ್ಧ ದಿನದಲ್ಲಿ ಕೆಲಸ ಮುಗಿದರೆ ಉಳಿದ ಒಂದೂವರೆ ದಿನ ದೇಶದ ಲೆಕ್ಕದಲ್ಲಿ ಕಾಣುತ್ತದೆಯೆ? ನೇರವಾಗಿ ಕಾಣುವುದಿಲ್ಲ. ಸರ್ಕಾರಿ ಸೇವೆಯನ್ನು ದೇಶದ ವರಮಾನದ ಲೆಕ್ಕದಲ್ಲಿ ಅದಕ್ಕೆ ತಗಲಿದ ಖರ್ಚಿನಿಂದಲೇ ಅಳೆಯುತ್ತಾರೆ, ಜನರಿಗಾದ ಅನುಕೂಲದಿಂದ ಅಲ್ಲ. ಆ ಒಂದೂವರೆ ದಿನದಲ್ಲಿ ನೀವು ಹೊಲದಲ್ಲಿ ಗೇಯ್ದು ಹೆಚ್ಚು ಬೆಳೆದರೆ ಆಗ ಅದು ಅಂಕಿಗೆ ಬರುತ್ತದೆ. ಫಲ ತಡವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಮಾರಾಟದ ವಿಷಯಕ್ಕೆ ಬಂದರೆ ನೆರೆಯ ಕೇರಳದ ಮೀನುಗಾರರ ಕಥೆ ಪ್ರಸಿದ್ಧವಾಗಿದೆ. 1997ರಿಂದ 2001ರೊಳಗೆ ಕೋಳಿಕ್ಕೋಡು, ಕಣ್ಣೂರು, ಕಾಸರಗೋಡು ಜಿಲ್ಲೆಗಳ ಕಡಲತೀರಕ್ಕೆ ಮೊಬೈಲ್ ಫೋನು ಬಂತು. ಅದಕ್ಕೆ ಮೊದಲು ಒಂದು ದಡದಲ್ಲಿ ಮೀನು ಕೊಳ್ಳುವವರಿಲ್ಲದೆ ಚೆಲ್ಲುತ್ತಿದ್ದರು, ಕೆಲವೇ ಮೈಲಿ ದೂರದ ದಡದಲ್ಲಿ ಮೀನಿಗೆ ಬರ. ಫೋನು ಬಂದ ಮೇಲೆ ದೋಣಿಯಿಂದಲೇ ವಿಚಾರಿಸಿ, ಬೇಡಿಕೆಯಿದ್ದ ಕಡೆಗೆ ದೋಣಿ ತಿರುಗಿಸಿದರು. ಚೆಲ್ಲುವುದು ನಿಂತಿತು, ಮೀನುಗಾರರ ಲಾಭ ಸರಾಸರಿ ಶೇಕಡ 8 ಹೆಚ್ಚಿತು, ಕೊಳ್ಳುವವರಿಗೆ ಬೆಲೆ ಶೇಕಡ 4 ಇಳಿಯಿತು. ಇದನ್ನು ರಾಬರ್ಟ್ ಜೆನ್ಸನ್ ಎಂಬುವರು ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದರು. ಇಲ್ಲಿ ಫಲ ಬೇಗ ಬರಲು ಕಾರಣವಿದೆ: ದೋಣಿಯನ್ನು ತಿರುಗಿಸಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ, ಕಟ್ಟಡವನ್ನು ಕೆಡವಬೇಕಾಗಿರಲಿಲ್ಲ.

ನಮ್ಮ ಎಪಿಎಂಸಿಗಳಲ್ಲಿ ಅಷ್ಟು ಸುಲಭವಾಗಲಿಲ್ಲ. 2014ರಿಂದ ಕರ್ನಾಟಕದ ಮಾರುಕಟ್ಟೆಗಳನ್ನು ಒಂದೇ ಕಂಪ್ಯೂಟರ್ ಜಾಲಕ್ಕೆ ಸೇರಿಸುತ್ತ ಬಂದರು. ಇದರಿಂದ ಭತ್ತಕ್ಕೆ ಶೇಕಡ 5ರಷ್ಟು, ಶೇಂಗಾ ಮತ್ತು ಮೆಕ್ಕೆಜೋಳಕ್ಕೆ ಶೇಕಡ 3.5ರ ಆಸುಪಾಸು ಬೆಲೆ ಹೆಚ್ಚಿತೆಂದು 2020ರಲ್ಲಿ ಪ್ರಕಟವಾದ ಒಂದು ಅಭ್ಯಾಸದಿಂದ ತಿಳಿಯುತ್ತದೆ. ಹತ್ತಿ, ಹೆಸರು, ತೊಗರಿಗೆ ಅಂಥ ಸ್ಪಷ್ಟವಾದ ಹೆಚ್ಚಳ ಕಾಣಲಿಲ್ಲ. ಜಾಲ ಒಂದೇ, ಫಲ ಮಾತ್ರ ಬೇರೆ ಬೇರೆ. ಎಷ್ಟು ಜನ ಕೊಳ್ಳುವವರಿದ್ದಾರೆ, ಹರಾಜು ಯಾವ ರೀತಿಯದು ಎಂಬುದರ ಮೇಲೆ ಅದು ನಿಂತಿದೆ. ಸರಕಿನ ಗುಣಮಟ್ಟವನ್ನು ಅಳೆದು ಹೇಳುವ ಏರ್ಪಾಡು ಇಲ್ಲದ ಕಡೆ ದೂರದ ವ್ಯಾಪಾರಿ ನಿಮ್ಮ ರಾಶಿಯನ್ನು ಕಣ್ಣಿಂದ ನೋಡದೆ ಏಕೆ ಬೆಲೆ ಕೂಗಿಯಾನು? ಪರದೆಯ ಮೇಲೆ ನೂರು ಮಾರುಕಟ್ಟೆ ಕಂಡರೂ ಕೊಳ್ಳುವವರು ಅದೇ ಊರಿನ ನಾಲ್ಕು ಜನವೇ ಆಗುತ್ತಾರೆ.

ನಿಮ್ಮ ಸಂಘದ ಕಂಪ್ಯೂಟರು

ಹಾಗಾದರೆ ನಿಮ್ಮ ಸಂಘದ ನಾಲ್ಕು ಲಕ್ಷದ ಮಾತೇನು? ಅದು ಉಗಿ ಇಂಜಿನ್ನಿನ ಜಾಗದಲ್ಲಿ ಕೂರಿಸಿದ ಮೋಟಾರಾಗುತ್ತದೆಯೋ, ಒಂದೊಂದು ಯಂತ್ರಕ್ಕೂ ಜೋಡಿಸಿದ ಮೋಟಾರಾಗುತ್ತದೆಯೋ ಎಂಬುದು ಬಹುಮಟ್ಟಿಗೆ ಸದಸ್ಯರಾದ ನಿಮ್ಮ ಮೇಲೆಯೇ ಇದೆ.

ಮೊದಲನೆಯದಾಗಿ ಕೈಪುಸ್ತಕದ ವಿಷಯ. ಹೊಸ ಲೆಕ್ಕ ಸರಿಬರುವವರೆಗೆ ಕೆಲವು ತಿಂಗಳು ಎರಡನ್ನೂ ಬರೆಯುವುದು ಜಾಣತನ. ವರ್ಷಗಟ್ಟಲೆ ಎರಡನ್ನೂ ಬರೆಯುತ್ತಿದ್ದರೆ ಕಾರ್ಯದರ್ಶಿಯವರ ಕೆಲಸ ಇಮ್ಮಡಿಯಾಗಿದೆ ಎಂದೇ ಅರ್ಥ. ಅದು ಉತ್ಪಾದಕತೆಯ ಇಳಿಕೆ. ಹಾಲಿನ ಡೇರಿಯಲ್ಲಿ ನೋಡಿ: ಅಳತೆ, ಜಿಡ್ಡು, ಬೆಲೆ ಮೂರನ್ನೂ ಯಂತ್ರವೇ ಚೀಟಿಯಲ್ಲಿ ಅಚ್ಚುಹಾಕಿ ಕೊಡುವ ಕಡೆ ಆ ಚೀಟಿಯೇ ಲೆಕ್ಕ, ಅದನ್ನು ನಂಬಿ ಬಟವಾಡೆ ನಡೆಯುತ್ತದೆ.

ತರಬೇತಿಗೆ ಎಷ್ಟು ಹಣ, ಎಷ್ಟು ದಿನ ಇಟ್ಟಿದ್ದಾರೆಂದು ಕೇಳಿರಿ. ಕಂಪ್ಯೂಟರಿಗೆ ಹಾಕಿದ್ದಕ್ಕಿಂತ ಕೆಲಸದ ಕ್ರಮವನ್ನು ಬದಲಿಸಲು ಮತ್ತು ಜನರನ್ನು ತರಬೇತು ಮಾಡಲು ತಗಲುವ ಖರ್ಚು ಹಲವು ಪಟ್ಟು ಹೆಚ್ಚೆಂದು ಅಮೆರಿಕದ ಕಂಪನಿಗಳನ್ನು ಅಭ್ಯಾಸ ಮಾಡಿದವರು ಕಂಡಿದ್ದಾರೆ. ಕಾರ್ಯದರ್ಶಿ ಒಬ್ಬರಿಗೇ ವಿದ್ಯೆ ಗೊತ್ತಿದ್ದರೆ ಅವರು ರಜೆಯ ಮೇಲೆ ಹೋದ ದಿನ ಸಂಘಕ್ಕೇ ರಜೆ. ಊರಿನ ಓದಿದ ಹುಡುಗಿಯೊಬ್ಬಳಿಗೋ ಹುಡುಗನಿಗೋ ಕೆಲಸ ಕಲಿಸಿಟ್ಟರೆ ಒಳ್ಳೆಯದು.

ಕೊನೆಯದಾಗಿ, ಆ ಲೆಕ್ಕದಿಂದ ನಿಮ್ಮ ಯಾವ ಅಲೆದಾಟ ತಪ್ಪಿತೆಂದು ನೋಡಿರಿ. ಉದಾಹರಣೆಗೆ, ಶೂನ್ಯ ಬಡ್ಡಿಯ ಬೆಳೆಸಾಲದ ಅನುಕೂಲ ಗಡುವಿನೊಳಗೆ ತೀರಿಸಿದವರಿಗೆ ಮಾತ್ರ. ಯಾರ ಗಡುವು ಯಾವ ದಿನವೆಂಬ ಪಟ್ಟಿಯನ್ನು ಕಂಪ್ಯೂಟರು ಒಂದು ನಿಮಿಷದಲ್ಲಿ ಅಚ್ಚುಮಾಡಿ ಕೊಡಬಲ್ಲದು; ಅದನ್ನು ತಿಂಗಳಿಗೊಮ್ಮೆ ಸಂಘದ ಬಾಗಿಲಿಗೆ ಅಂಟಿಸಿದರೆ ಎಷ್ಟೋ ಮನೆಗಳಿಗೆ ಬಡ್ಡಿ ಉಳಿಯುತ್ತದೆ. ಗೊಬ್ಬರದ ದಾಸ್ತಾನು ಎಷ್ಟಿದೆಯೆಂಬುದನ್ನು ಫೋನಿನಲ್ಲಿ ತಿಳಿಸಿದರೆ ಮೂಟೆಯಿಲ್ಲದ ದಿನ ಗಾಡಿ ಕಟ್ಟಿಕೊಂಡು ಬರುವುದು ತಪ್ಪುತ್ತದೆ.

ಸೆಪ್ಟೆಂಬರ್ ತಿಂಗಳೊಳಗೆ ನಡೆಯಬೇಕಾದ ವಾರ್ಷಿಕ ಮಹಾಸಭೆಗೆ ತಪ್ಪದೆ ಹೋಗಿರಿ. ಕೈಪುಸ್ತಕ ಯಾವ ತಿಂಗಳಿಗೆ ನಿಲ್ಲುತ್ತದೆ, ಗಡುವಿನ ಪಟ್ಟಿ ಯಾವ ತಿಂಗಳಿಂದ ಬಾಗಿಲಿಗೆ ಬರುತ್ತದೆ ಎಂದು ಕೇಳಿ, ಬಂದ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಿರಿ.